ಮಾಹೆ ದ್ವೀಪದ ಕಪ್ಪೆ ನಡಿಗೆ: ಹಣ ಕೊಟ್ಟು ಹೋಗಬಹುದಾ?

ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ಗೆ ಹೋಗಿಬಂದ ನಮ್ಮವರು ಬರೆಯುವುದೆಲ್ಲ ಕಡಲತೀರದ ಬಗ್ಗೆಯೇ. ಅದನ್ನು ಅವರಿಗೇ ಬಿಡುತ್ತೇನೆ. ನಾನು ಬರೆಯುತ್ತಿರುವುದು ಮಾಹೆ ದ್ವೀಪದ ಮೋರ್ನ್ ಬ್ಲಾಂ ಬೆಟ್ಟಕ್ಕೆ, ಅಲ್ಲಿಯ ಪುಟ್ಟ ಕಪ್ಪೆಗಳನ್ನು ನೋಡಲು, ಕರೆದುಕೊಂಡು ಹೋಗುವ ಅರ್ಧ ದಿನದ ಗೈಡ್ ಸೇವೆಯ ಬಗ್ಗೆ. ಒಬ್ಬ ಸ್ಥಳೀಯ ಹೆಂಗಸು ತಾನೇ ನಡೆಸುವ ಸಣ್ಣ ವ್ಯವಹಾರ. ಬೋರ್ಡಿಲ್ಲ, ವೆಬ್‌ಸೈಟಿಲ್ಲ, ಎಲ್ಲ ವಾಟ್ಸಾಪ್‌ನಲ್ಲೇ. ಒಂದು ಸಲಕ್ಕೆ ನಾಲ್ಕು ಜನಕ್ಕಿಂತ ಹೆಚ್ಚು ಕರೆದೊಯ್ಯುವುದಿಲ್ಲ, ಹಾಗಾಗಿ ಹೆಸರು ನಂಬರ್ ಎಲ್ಲೂ ಹಾಕಬೇಡಿ ಎಂದರು. ಹಾಕುತ್ತಿಲ್ಲ. ರಾಜಧಾನಿ ವಿಕ್ಟೋರಿಯಾದಲ್ಲಿ ಕೇಳಿದರೆ ಇಂಥ ಸ್ವತಂತ್ರ ಗೈಡ್‌ಗಳು ಸಿಗುತ್ತಾರೆ. ಯಾರನ್ನು ಹಿಡಿದರೂ ದುಡ್ಡು ಕೊಡುವ ಮೊದಲು ಏನು ಕೇಳಬೇಕು, ಏನು ನೋಡಬೇಕು ಎಂಬುದು ನಿಮಗೆ ಗೊತ್ತಿರಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ನಾನು ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಗ ವಿಕ್ಟೋರಿಯಾದಲ್ಲಿ ಒಂದು ಕಟ್ಟಡ ಕಂಪನಿಯಲ್ಲಿದ್ದಾನೆ. ನಾನು, ನನ್ನ ಹೆಂಡತಿ ಜನವರಿಯಲ್ಲಿ ಅವನ ಮನೆಗೆ ಹೋಗಿದ್ದೆವು. ಸೊಸೆ ಈ ನಡಿಗೆ ಬುಕ್ ಮಾಡಿದಳು. "ಮಾವ, ಬೀಚ್‌ನಲ್ಲಿ ಕೂತರೆ ನಿಮಗೆ ಹೊತ್ತು ಹೋಗಲ್ಲ, ಕಾಡಿಗೆ ಹೋಗಿಬನ್ನಿ" ಅಂದಳು. ಒಬ್ಬರಿಗೆ 60 ಯೂರೋ, ಬೇಕಾದರೆ ಸೇಶೆಲ್ಸ್ ರೂಪಾಯಿಯಲ್ಲೂ ಕೊಡಬಹುದು. ನಮ್ಮ ಲೆಕ್ಕಕ್ಕೆ ಜಾಸ್ತಿಯೇ. ಆದರೆ ಆ ದ್ವೀಪದಲ್ಲಿ ಯಾವುದೂ ಅಗ್ಗವಿಲ್ಲ.

ಮೊದಲು ಇನ್ನೊಂದು ಕಡೆ ವಿಚಾರಿಸಿದ್ದೆವು. ಒಂದು ಹೋಟೆಲಿನ ಟೂರ್ ಡೆಸ್ಕ್‌ನವರು "ಜಗತ್ತಿನ ಅತಿ ಚಿಕ್ಕ ಕಪ್ಪೆ, ಖಂಡಿತ ತೋರಿಸುತ್ತೇವೆ" ಎಂದು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡಿದ್ದರು. ಎರಡೂ ಮಾತು ಸರಿಯಲ್ಲ. ಅವರು ಹೇಳುತ್ತಿದ್ದ ಗಾರ್ಡಿನರ್ ಕಪ್ಪೆ ಬಹಳ ಚಿಕ್ಕದು ನಿಜ, ಬೆಳೆದದ್ದೂ 11 ಮಿಲಿಮೀಟರ್ ದಾಟುವುದಿಲ್ಲ. ಆದರೆ ಅತಿ ಚಿಕ್ಕ ಕಪ್ಪೆಯೆಂದು ಅದಕ್ಕಿಂತ ಪುಟ್ಟದನ್ನು 2012ರಲ್ಲೇ ಪಪುವಾ ನ್ಯೂಗಿನಿಯಿಂದ ವರದಿ ಮಾಡಿದ್ದಾರೆ. ಇನ್ನು ಕಾಡಿನ ಪ್ರಾಣಿಯನ್ನು ಖಂಡಿತ ತೋರಿಸುತ್ತೇನೆ ಎನ್ನುವವನು ಅದನ್ನು ಹೇಗೆ ತೋರಿಸುತ್ತಾನೆ ಎಂಬುದು ಯೋಚಿಸಬೇಕಾದ ವಿಷಯ. ಅದರ ಉತ್ತರ ಬೆಟ್ಟದ ಮೇಲೆ ಸಿಕ್ಕಿತು, ಮುಂದೆ ಹೇಳುತ್ತೇನೆ. ನಮ್ಮ ಗೈಡ್ ಮಾತ್ರ ಫೋನಿನಲ್ಲೇ ಹೇಳಿಬಿಟ್ಟರು: "ಕೂಗು ಕೇಳಿಸುವುದು ಹೆಚ್ಚುಕಮ್ಮಿ ಖಾತ್ರಿ. ಕಾಣುವುದು ಕಪ್ಪೆಯ ಇಷ್ಟ. ಕಾಣದಿದ್ದರೆ ದುಡ್ಡು ವಾಪಸ್ ಕೇಳುವುದಾದರೆ ಬರಬೇಡಿ." ಈ ಮಾತು ಕೇಳಿಯೇ ಇವರನ್ನು ಗೊತ್ತುಮಾಡಿದ್ದು.

ಬೆಳಿಗ್ಗೆ ಬೇಗ ಸಾನ್ ಸೂಸಿ ರಸ್ತೆಯ ಟೀ ಫ್ಯಾಕ್ಟರಿ ಹತ್ತಿರ ಸೇರಬೇಕು. ದಾರಿ ಶುರುವಾಗುವುದು ಅಲ್ಲಿಂದ ಸ್ವಲ್ಪ ಮೇಲೆ. ಮೋರ್ನ್ ಬ್ಲಾಂ 667 ಮೀಟರ್ ಎತ್ತರ, ನಾವು ಹತ್ತುವುದು ಅದರಲ್ಲಿ 250 ಮೀಟರ್ ಆಸುಪಾಸು. ಕೇಳಲು ಕಡಿಮೆ, ಆದರೆ ಏರು ಒಂದೇ ಸಮ. ಬೇರು, ಜಾರುವ ಕಲ್ಲು, ಕೆಸರು. ನನ್ನ ಹೆಂಡತಿ ಮೊದಲ ತಿರುವಿನಲ್ಲೇ "ರೀ, ನನ್ನ ಮೊಣಕಾಲಿಗೆ ಆಗಲ್ಲ, ನೀವು ಹೋಗಿಬನ್ನಿ" ಎಂದು ಚಹಾ ತೋಟದ ಹತ್ತಿರವೇ ಉಳಿದಳು. ಇಲ್ಲಿ ಒಂದು ಅಂಕ ಕಳೆಯುತ್ತೇನೆ. ದಾರಿ ಇಷ್ಟು ಕಡಿದು ಎಂದು ಬುಕಿಂಗ್ ಸಮಯದಲ್ಲಿ ಸರಿಯಾಗಿ ಹೇಳಲಿಲ್ಲ, "ಸಾಧಾರಣ ಏರು" ಎಂದಷ್ಟೇ ಮೆಸೇಜಿನಲ್ಲಿತ್ತು. ವಯಸ್ಸಾದವರಿಗೆ ಕೆಳಗೇ ತೋರಿಸುವಂಥ ಒಂದು ಚಿಕ್ಕ ಸುತ್ತಾದರೂ ಇರಬೇಕಿತ್ತು. ಹೆಂಡತಿಯ ಪಾಲಿನ ದುಡ್ಡಿನಲ್ಲಿ ಅರ್ಧ ವಾಪಸ್ ಕೊಟ್ಟರು, ನಾನು ಕೇಳದೆಯೇ.

ಹೊರಡುವ ಮೊದಲು ಒಂದು ಕೆಲಸ ಮಾಡಿಸಿದರು. ಡಿಕ್ಕಿ ತೆಗೆದು ಪ್ಲಾಸ್ಟಿಕ್ ಟಬ್, ಗಟ್ಟಿ ಬ್ರಷ್, ಸೋಂಕು ನಿವಾರಕ ಬೆರೆಸಿದ ನೀರಿನ ಕ್ಯಾನ್ ಹೊರಗಿಟ್ಟರು. ಬೂಟಿನ ಅಟ್ಟೆಯ ಗೀರುಗಳಲ್ಲಿ ಕೂತಿದ್ದ ಒಣ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆಸಿದರು. ಆಮೇಲೆ ಬ್ರಷ್ಷು, ಆಮೇಲೆ ಟಬ್ಬಿನಲ್ಲಿ ನಿಲ್ಲುವುದು. ನನ್ನ ಊರುಗೋಲಿನ ತುದಿಯನ್ನೂ ಬಿಡಲಿಲ್ಲ. ನಮ್ಮ ಜೊತೆಗಿದ್ದ ಒಬ್ಬ ಯುರೋಪಿನ ಹುಡುಗ, ಬೂಟು ಹೊಸದು ಎಂದು ತಕರಾರು ತೆಗೆದ. ಎಲ್ಲೆಲ್ಲಿ ಹಾಕಿಕೊಂಡು ಓಡಾಡಿದ್ದೀ ಎಂದು ಕೇಳಿದರು. ಹೋದ ತಿಂಗಳು ಕೋಸ್ಟರಿಕಾ ಎಂದ. ಅವನ ಬೂಟನ್ನು ಎರಡು ಸಲ ತೊಳೆಸಿದರು.

ಇದು ಅತಿ ಎನಿಸಬಹುದು. ಅಲ್ಲ. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಅಂಟಿಕೊಂಡು ಕೊಲ್ಲುತ್ತದೆ. ಕಪ್ಪೆಗಳು ನೀರು, ಲವಣ ಹೀರುವುದು ಚರ್ಮದಿಂದಲೇ ಆದ್ದರಿಂದ ಅದು ಕೆಟ್ಟರೆ ಹೃದಯವೇ ನಿಲ್ಲುತ್ತದೆ. ಮಧ್ಯ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದರಿಂದ ಎಷ್ಟೋ ಜಾತಿಗಳು ಇಲ್ಲವಾಗಿವೆ. ಕೆರಿಬಿಯನ್‌ನ ಡೊಮಿನಿಕಾ ದ್ವೀಪದಲ್ಲಿ 2002ರ ಸುಮಾರಿಗೆ ಇದು ಕಾಲಿಟ್ಟು, ಜನ ಹಿಡಿದು ತಿನ್ನುತ್ತಿದ್ದಷ್ಟು ಸಮೃದ್ಧವಾಗಿದ್ದ 'ಮೌಂಟನ್ ಚಿಕನ್' ಎಂಬ ದೊಡ್ಡ ಕಪ್ಪೆಯನ್ನು ಸುಮಾರು ಒಂದೂವರೆ ವರ್ಷದಲ್ಲೇ ನಿರ್ನಾಮದ ಹಂತಕ್ಕೆ ತಂದಿತು. ಸೇಶೆಲ್ಸ್‌ನ ಕಪ್ಪೆಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಈ ಶಿಲೀಂಧ್ರ ಸಿಕ್ಕಿಲ್ಲ. ಅಲ್ಲಿಗೆ ಅದು ಬರುವುದಾದರೆ ಬೂಟಿನಲ್ಲೋ ಗಿಡದ ಕುಂಡದಲ್ಲೋ ಬರಬೇಕು. ಆದ್ದರಿಂದ ನಿಮ್ಮ ಗೈಡ್ ಬ್ರಷ್ ತರುತ್ತಾರಾ ಎಂದು ಮೊದಲೇ ಕೇಳಿ. ತರುವುದಿಲ್ಲ ಎಂದರೆ ಬೇರೆಯವರನ್ನು ನೋಡಿ.

ಕೆಳಗಿನ ಕಾಡು ನನಗೆ ಬೇಸರ ತರಿಸಿತು. ನೋಡಲು ದಟ್ಟ ಹಸಿರು, ಯಾರಿಗಾದರೂ ಹಿಡಿಸುತ್ತದೆ. ಆದರೆ ನಲವತ್ತು ಹೆಜ್ಜೆ ನಡೆದರೂ ಕಾಲ ಬುಡದಲ್ಲಿ ಒಂದೇ ಜಾತಿಯ ಸಸಿ: ದಾಲ್ಚಿನ್ನಿ. 1772ರಲ್ಲಿ ಫ್ರೆಂಚರು ಮಸಾಲೆ ವ್ಯಾಪಾರದ ಆಸೆಯಿಂದ ತಂದು ಮಾಹೆಯ ರಾಜೋದ್ಯಾನದಲ್ಲಿ ನೆಟ್ಟ ಗಿಡ ಅದು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಬೆಟ್ಟಕ್ಕೆಲ್ಲ ಹರಡಿದವು. ಮೂಲದ ಮರಗಳನ್ನು ಕಡಿದಾಗ ಖಾಲಿಯಾದ ಜಾಗವನ್ನೆಲ್ಲ ಅದೇ ಹಿಡಿಯಿತು. ಗೈಡ್‌ನ ಅಜ್ಜ ಇದೇ ಇಳಿಜಾರಿನಲ್ಲಿ ದಾಲ್ಚಿನ್ನಿ ತೊಗಟೆ ಸುಲಿಯುವ ಕೂಲಿಯಾಗಿದ್ದರಂತೆ. ಈಗ ಸುಲಿಯುವವರಿಲ್ಲ, ಮರ ಮಾತ್ರ ಉಳಿದಿದೆ. ಅದನ್ನು ಒಮ್ಮೆಗೇ ಕಡಿದು ತೆಗೆಯುವಂತೆಯೂ ಇಲ್ಲ. ನೆರಳು ಹೋದರೆ ನೆಲ ಒಣಗುತ್ತದೆ, ತರಗೆಲೆ ಒಣಗುತ್ತದೆ, ಅದಕ್ಕಿಂತ ಕೆಟ್ಟ ಕಳೆ ನುಗ್ಗುತ್ತದೆ. ಸ್ವಲ್ಪ ಸ್ವಲ್ಪವೇ ಬಿಡಿಸಿ ಮಧ್ಯೆ ಮೂಲದ ಗಿಡ ಎಬ್ಬಿಸಬೇಕು. ಈ ಮಾತು ಬಂದಾಗ ಗೈಡ್‌ಗೂ ನನಗೂ ಅರ್ಧ ಗಂಟೆ ಹೋದದ್ದು ಗೊತ್ತೇ ಆಗಲಿಲ್ಲ, ಉಳಿದವರು ಪಾಪ ಕಾಯುತ್ತ ನಿಂತಿದ್ದರು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುವ ಗೈಡ್ ಸಿಗುವುದು ಕಷ್ಟ. ಇವರಿಗೆ ಗಿಡ ಗೊತ್ತು, ಮಣ್ಣು ಗೊತ್ತು.

ಮೇಲೆ ಹೋದಂತೆ ಕಾಡು ಬದಲಾಗುತ್ತದೆ. ಮಂಜು ಮುಟ್ಟುವ ಎತ್ತರ ಬಂದ ಮೇಲೆ ಕಾಂಡಕ್ಕೆಲ್ಲ ಪಾಚಿ, ಪಾಚಿಯ ಮೇಲೆ ಗಾಜಿನಷ್ಟು ತೆಳು ಎಲೆಯ ಜರೀಗಿಡ. ಅಲ್ಲಿಯ ಜನ ಕಾಪಿಸೆನ್ ಎನ್ನುವ ನಾರ್ತಿಯಾ ಮರ, ಕೇದಿಗೆ ಜಾತಿಯವು, ಆ ದ್ವೀಪಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ತಾಳೆಗಳು. ದಪ್ಪ ಎಲೆ ಬಿದ್ದು ಕೊಳೆತು ನೆಲ ಸ್ಪಂಜಿನಂತಾಗಿತ್ತು. ಮೋರ್ನ್ ಸೇಶೆಲ್ವಾ ರಾಷ್ಟ್ರೀಯ ಉದ್ಯಾನ 1979ರಲ್ಲಿ ಘೋಷಣೆಯಾದದ್ದು, ಮಾಹೆಯ ನೆಲದಲ್ಲಿ ಐದನೇ ಒಂದು ಭಾಗ ಅದರೊಳಗಿದೆ. ಆದರೆ ಈ ಮಂಜುಕಾಡು ಆ ಉದ್ಯಾನದೊಳಗೂ ತುತ್ತತುದಿಯ ಚೂರುಗಳಷ್ಟೇ.

ಕಪ್ಪೆ ಕೂಗು ಶುರುವಾದದ್ದು ಅಲ್ಲಿ. ಮೊದಲು ಕೇಳಿದ್ದು ಸೇಶೆಲ್ಸ್ ಕಪ್ಪೆ. ಒಂದು ಗೊರಕೆಯಂಥ ಎಳೆತ, ಹಿಂದೆಯೇ ಟಕ್ ಟಕ್ ಟಕ್ ಟಕ್. ಇದರ ಮರಿಗಳು ನೀರಿಗೆ ಇಳಿಯುವುದೇ ಇಲ್ಲ. ಮೊಟ್ಟೆ ನೆಲದ ಮೇಲೆ, ಒಡೆದ ಗೊದಮೊಟ್ಟೆಗಳು ದೊಡ್ಡ ಕಪ್ಪೆಯ ಬೆನ್ನೇರಿ ಅಲ್ಲೇ ಬೆಳೆಯುತ್ತವೆ. ಆಮೇಲೆ ಗಾರ್ಡಿನರ್: ಚೀಂ ಎಂಬ ಒಂದೇ ಸ್ವರ, ಎಷ್ಟು ತಾರಕದಲ್ಲೆಂದರೆ ನನ್ನ ವಯಸ್ಸಿನ ಕಿವಿಗೆ ಮೊದಲು ಹತ್ತಲೇ ಇಲ್ಲ. ಹುಳುವೇ ಇರಬೇಕು ಎನ್ನಿಸುತ್ತದೆ. ಗೈಡ್ ಕೈ ಎತ್ತಿ ನಮ್ಮನ್ನು ನಿಲ್ಲಿಸಿ, ಯಾವ ಕಡೆಯಿಂದ ಬರುತ್ತಿದೆ ಎಂದು ನಾವೇ ಬೆರಳು ತೋರಿಸುವ ತನಕ ಒಂದು ಹೆಜ್ಜೆ ಮುಂದಿಡಲು ಬಿಡಲಿಲ್ಲ. ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದೆವು. ನಾಲ್ಕೂ ಕಡೆ ಕಪ್ಪೆ ಇದ್ದವು.

ಆ ಹುಡುಗ ಫೋನ್ ತೆಗೆದು, ಕೂಗಿನ ರೆಕಾರ್ಡಿಂಗ್ ಹಾಕಿದರೆ ಹತ್ತಿರ ಬರುತ್ತದಂತೆ, ಹಾಕಲಾ ಎಂದ. ಬೇಡ ಎಂದರು, ಖಡಾಖಂಡಿತವಾಗಿ. ಕಾರಣವನ್ನೂ ಹೇಳಿದರು. ಈ ಕಪ್ಪೆಗೆ ಕಿವಿತಮಟೆಯೂ ಇಲ್ಲ, ನಡುಕಿವಿಯೂ ಇಲ್ಲ. ಕಿವುಡೇ ಇರಬೇಕು ಎಂದುಕೊಂಡಿದ್ದರು. ಫ್ರಾನ್ಸಿನ ರೆನೋ ಬ್ವಾಸ್ಟೆಲ್ ಮತ್ತು ಸಂಗಡಿಗರು ಕಾಡಿನಲ್ಲೇ ಧ್ವನಿವರ್ಧಕ ಇಟ್ಟು ಅದರದೇ ಕೂಗು ಕೇಳಿಸಿದಾಗ ಗಂಡು ಕಪ್ಪೆಗಳು ಉತ್ತರ ಕೊಟ್ಟವು. ಎಕ್ಸ್-ಕಿರಣದಲ್ಲಿ ನೋಡಿ ಲೆಕ್ಕ ಹಾಕಿದಾಗ ತಿಳಿಯಿತು, ಕಪ್ಪೆ ಕೇಳುವುದು ಬಾಯಿಯಿಂದ. ಬಾಯಿಯ ಪೊಳ್ಳು ಸರಿಯಾಗಿ 5,700 ಹರ್ಟ್ಜ್ ಸುಮಾರಿಗೆ, ಅಂದರೆ ತನ್ನ ಕೂಗಿನ ಸ್ವರಕ್ಕೇ, ಅನುರಣಿಸುತ್ತದೆ. ಅಲ್ಲಿಂದ ತೆಳು ಅಂಗಾಂಶದ ಮೂಲಕ ಒಳಕಿವಿಗೆ. ಇದು ಪ್ರಕಟವಾದದ್ದು 2013ರಲ್ಲಿ. "ಅದು ಕೇಳಿಸಿಕೊಳ್ಳುತ್ತದೆ ಎಂದು ಗೊತ್ತಾಯಿತಲ್ಲ, ಹಾಗಾದರೆ ದಿನಾ ಹತ್ತು ಜನ ಬಂದು ಸುಳ್ಳು ಗಂಡಿನ ಕೂಗು ಹಾಕಿದರೆ ಅದರ ಪಾಡೇನು?" ಎಂದು ಕೇಳಿದರು. ಹುಡುಗ ಫೋನ್ ಜೇಬಿಗೆ ಹಾಕಿದ.

ಸ್ವಲ್ಪ ಮೇಲೆ ಇನ್ನೊಂದು ಗುಂಪು ಸಿಕ್ಕಿತು, ಬಹುಶಃ ಯಾವುದೋ ರೆಸಾರ್ಟಿನವರು. ಅವರ ಗೈಡ್ ಕೋಲಿನಿಂದ ದರಕು ಕೆದರುತ್ತಿದ್ದ. ಪದರ ಪದರವಾಗಿ ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದ, ಜನ ಬಗ್ಗಿ ಮೊಬೈಲ್ ಹಿಡಿದಿದ್ದರು. ಖಂಡಿತ ತೋರಿಸುತ್ತೇವೆ ಎನ್ನುವುದು ಹೀಗೆ. ಗಾರ್ಡಿನರ್ ಕಪ್ಪೆ ಮೊಟ್ಟೆ ಇಡುವುದು ಆ ಹಸಿ ತರಗೆಲೆಯಲ್ಲೇ, ಅದರಿಂದ ಹೊರಬರುವುದು ಗೊದಮೊಟ್ಟೆಯಲ್ಲ, ಅಕ್ಕಿಕಾಳಿನ ಅರ್ಧದಷ್ಟಿರುವ ಪೂರ್ತಿ ರೂಪದ ಕಪ್ಪೆಮರಿ. ಕೆದರಿ ಬಿಸಾಡಿದ ಎಲೆ ಒಂದು ಗಂಟೆ ಬಿಸಿಲು ಕಂಡರೆ ಮೊಟ್ಟೆಯ ಕಥೆ ಮುಗಿಯಿತು. ನಮ್ಮ ಗೈಡ್ ಆತನ ಹತ್ತಿರ ಹೋಗಿ ಅಲ್ಲಿಯ ಕ್ರಿಯೋಲ್ ಭಾಷೆಯಲ್ಲಿ ಏನೋ ಹೇಳಿದರು, ಜಗಳವಾಡಲಿಲ್ಲ. ಅವರು ಹೋದ ಮೇಲೆ ಎಲೆಗಳನ್ನೆಲ್ಲ ಕೈಯಿಂದ ಮತ್ತೆ ಹರಡಿದರು. ನಾನೂ ಕೂತು ಹರಡಿದೆ. ಸಿಟ್ಟು ಬಂದಿತ್ತು, ಈಗಲೂ ಇದೆ.

ನಾವು ಕಂಡದ್ದು ಒಂದೇ ಗಾರ್ಡಿನರ್. ಮುರಿದು ಬಿದ್ದ ತಾಳೆಗರಿಯ ತೊಟ್ಟಿನ ಮೇಲೆ, ನೀರು ನಿಂತ ತಗ್ಗಿನ ಅಂಚಿಗೆ ಕೂತಿತ್ತು. ಕೆಂಪು ಮಿಶ್ರಿತ ಕಂದು ಮೈ, ಪಕ್ಕೆಯಲ್ಲಿ ಕಪ್ಪು ಪಟ್ಟೆ. ಕಾಲು ಮಡಚಿದ್ದರಿಂದ ಅಂಗಾಲಿನ ಬೆರಳು ಕಾಣಲಿಲ್ಲ. ಗೈಡ್ ಭೂತಗನ್ನಡಿ ಕೊಟ್ಟರು, ಆದರೆ ಉಸಿರು ತಾಗದಷ್ಟು ದೂರ ಇರಿ ಎಂದರು. ಅದರಲ್ಲಿ ಕಪ್ಪೆಯ ಕಣ್ಣು ಕಂಡಿತು, ತಾಮ್ರದ ಬಣ್ಣದ ಅಂಚು. ಮಳೆಹನಿಯೊಂದು ಪಕ್ಕದಲ್ಲಿ ಬಿದ್ದಾಗ ಜಿಗಿಯಲಿಲ್ಲ, ನಡೆದು ತೊಟ್ಟಿನ ಅಡಿಗೆ ಹೋಯಿತು. ಫೋಟೋ ಯಾರಿಗೂ ಸರಿಯಾಗಿ ಬರಲಿಲ್ಲ.

ಇನ್ನು ಈ ಸೇವೆಯ ಬಹಳ ಒಳ್ಳೆಯ ಭಾಗ. ತುದಿಯಲ್ಲಿ ಬಂಡೆಯ ಮೇಲೆ ಕೂರಿಸಿ ಥರ್ಮಾಸಿನಿಂದ ಅಲ್ಲಿಯದೇ ಚಹಾ ಕೊಟ್ಟು, ಅಳಿವಿನ ಅಪಾಯ ಯಾವ ಜೀವಿಗೆ ಎಷ್ಟು ಎಂದು ಹೇಳುವ ಕೆಂಪು ಪಟ್ಟಿಯಲ್ಲಿ ಈ ಕಪ್ಪೆಗಳು ಎಲ್ಲಿವೆ, ಯಾಕಿವೆ ಎಂದು ವಿವರಿಸುತ್ತಾರೆ. ಕೆಳಗೆ ಪೋರ್ ಗ್ಲೋ ಕಡೆಯ ಸಮುದ್ರ, ಬಾಲದಲ್ಲಿ ಉದ್ದ ಬಿಳಿ ಗರಿ ಇರುವ ಹಕ್ಕಿಗಳು ಕಾಲ ಕೆಳಗೆ ಹಾರುತ್ತಿರುತ್ತವೆ. ಆ ನೋಟದಲ್ಲೂ ಮಾತು ಕೇಳುವ ಹಾಗೆ ಹೇಳಿದರು.

ಈ ಕಪ್ಪೆಗಳ ಕುಟುಂಬದಲ್ಲಿ ಇರುವುದೇ ನಾಲ್ಕು ಜಾತಿ, ನಾಲ್ಕೂ ಸೇಶೆಲ್ಸ್‌ನಲ್ಲಿ ಮಾತ್ರ. ಆ ಪಟ್ಟಿ ತಯಾರಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ 2013ರ ಮೌಲ್ಯಮಾಪನದ ಪ್ರಕಾರ ಗಾರ್ಡಿನರ್ ಮತ್ತು ಸೇಶೆಲ್ಸ್ ಕಪ್ಪೆ ಅಳಿವಿನಂಚಿನಲ್ಲಿವೆ. ಬಂಡೆ ಸಂದುಗಳಲ್ಲಿ ಬದುಕುವ, ಇವುಗಳಲ್ಲಿ ದೊಡ್ಡದಾದ ಥಾಮಸೆಟ್ ಕಪ್ಪೆ ಮತ್ತು ಸಿಲುಎಟ್ ದ್ವೀಪದ ತಾಳೆಕಪ್ಪೆ ತೀವ್ರ ಅಳಿವಿನಂಚಿನಲ್ಲಿವೆ. ಆ ತಾಳೆಕಪ್ಪೆ ವಿಜ್ಞಾನಕ್ಕೆ ಗೊತ್ತಾಗಿದ್ದೇ 2002ರಲ್ಲಿ. ತಾಳೆಯ ಎಲೆಬುಡದ ಸಂದಿಯಲ್ಲೇ ಅದರ ವಾಸ, ಸುಮಾರು 20 ಚದರ ಕಿಲೋಮೀಟರಿನ ಸಿಲುಎಟ್ ಬಿಟ್ಟರೆ ಇನ್ನೆಲ್ಲೂ ಇಲ್ಲ. ಇಲ್ಲೇ ಆ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. ನಾಲ್ಕೂ ಕಡೆ ಕೂಗು ಕೇಳಿಸಿತು, ಇಷ್ಟೊಂದು ಇವೆ, ಮತ್ತೆ ಅಳಿವಿನಂಚು ಹೇಗೆ?

ಇಲಾಖೆಯಲ್ಲಿದ್ದಾಗ ಈ ಪ್ರಶ್ನೆ ನನಗೂ ಜನ ಕೇಳುತ್ತಿದ್ದರು. ಕೆಂಪು ಪಟ್ಟಿ ತಲೆ ಎಣಿಸಿ ಮಾತ್ರ ನಿರ್ಧರಿಸುವುದಿಲ್ಲ. ಜಾತಿಯೊಂದು ಹರಡಿರುವ ಪ್ರದೇಶ 5,000 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ನೆಲೆಗಳು ಐದಕ್ಕಿಂತ ಹೆಚ್ಚಿಲ್ಲದೆ, ಜೊತೆಗೆ ನೆಲೆ ಕೆಡುತ್ತಾ ಹೋಗುತ್ತಿದ್ದರೆ ಅಳಿವಿನಂಚು. 100 ಚದರ ಕಿಲೋಮೀಟರಿಗಿಂತ ಕಡಿಮೆ, ನೆಲೆ ಒಂದೇ ಆದರೆ ತೀವ್ರ. ಮಾಹೆಯೇ 155 ಚದರ ಕಿಲೋಮೀಟರ್ ಆಸುಪಾಸು. ಇಡೀ ಸೇಶೆಲ್ಸ್ ದೇಶದ ನೆಲವನ್ನೆಲ್ಲ ಕೂಡಿಸಿದರೂ 460 ಆಗುತ್ತದಷ್ಟೆ. ಅಂದರೆ ಈ ಕಪ್ಪೆ ಎಷ್ಟೇ ಸುಖವಾಗಿದ್ದರೂ ಅದರ ನೆಲ ಹಿಗ್ಗಲು ಜಾಗವೇ ಇಲ್ಲ. ಲೆಕ್ಕದ ಒಂದು ಕಡೆ ಎಂದೆಂದಿಗೂ ಚಿಕ್ಕದೇ. ಮನುಷ್ಯನ ಕೈಯಲ್ಲಿರುವುದು ಇನ್ನೊಂದು ಕಡೆ, ಆ "ಕೆಡುತ್ತಾ ಹೋಗುವುದು" ಎಂಬ ಭಾಗ. ಹೊರಗಿನ ಗಿಡ, ಬೆಂಕಿ, ಇಲಿ, ಮಾಹೆಗೆ ತಂದುಬಿಟ್ಟ ಟೆನ್ರೆಕ್ ಎಂಬ ಮುಳ್ಳುಮೈಯ ಪ್ರಾಣಿ, ಒಣಗುತ್ತಿರುವ ಹವೆ. ಕೆಳಗೆ ಒಣಗಿದರೆ ಮೇಲೆ ಹೋಗಬೇಕು, ದ್ವೀಪದ ಅತಿ ಎತ್ತರದ ಬೆಟ್ಟವೇ 905 ಮೀಟರಿಗೆ ಮುಗಿಯುತ್ತದೆ. ಹತ್ತಿರ ಹತ್ತಿರ ನೂರು ಕೂಗುತ್ತಿವೆ ಎಂಬುದರಲ್ಲಿ ಸಮಾಧಾನ ಪಟ್ಟುಕೊಳ್ಳುವಂಥದ್ದಿಲ್ಲ, ಎಲ್ಲ ಒಂದೇ ಕಡೆ ಇವೆ ಎಂದಷ್ಟೇ ಅದರ ಅರ್ಥ.

ಇನ್ನೊಂದು ವಿಷಯವನ್ನು ಗೈಡ್ ಚೆನ್ನಾಗಿ ಹೇಳಿದರು. ಮಾಹೆಯ ಗಾರ್ಡಿನರ್, ಸಿಲುಎಟ್‌ನ ಗಾರ್ಡಿನರ್ ನೋಡಲು ಒಂದೇ. ಆದರೆ 2019ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ ದ್ವೀಪದಿಂದ ದ್ವೀಪಕ್ಕೆ ವಂಶವೇ ಬೇರೆ ಬೇರೆಯಾಗಿದೆ ಎಂದು ಕಂಡುಬಂದಿದೆ. ಹಾಗಾಗಿ ಮಾಹೆಯಲ್ಲಿ ಹೋದರೂ ಸಿಲುಎಟ್‌ನಲ್ಲಿ ಇದೆಯಲ್ಲ, ಅಲ್ಲಿಂದ ತಂದು ಬಿಟ್ಟರಾಯಿತು ಎನ್ನುವ ಮಾತು ನಡೆಯುವುದಿಲ್ಲ. ಎರಡನ್ನೂ ಬೇರೆಯಾಗಿಯೇ ಉಳಿಸಬೇಕು.

ನಾನು ಭಾರತದವನೆಂದು ಗೊತ್ತಾದ ಮೇಲೆ ಅವರ ಮುಖ ಅರಳಿತು. ಈ ಕಪ್ಪೆಗಳಿಗೆ ಜಗತ್ತಿನಲ್ಲಿ ತೀರಾ ಹತ್ತಿರದ ನೆಂಟ ಇರುವುದು ನಮ್ಮ ಪಶ್ಚಿಮ ಘಟ್ಟದಲ್ಲಿ: 2003ರಲ್ಲಿ ಕೇರಳದಿಂದ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸುಯ್ಟ್ ವಿವರಿಸಿದ ನೇರಳೆ ಕಪ್ಪೆ. ವರ್ಷವಿಡೀ ನೆಲದಡಿ ಇದ್ದು ಮುಂಗಾರಿನ ಮೊದಲ ಮಳೆಗೆ ಕೆಲ ದಿನ ಹೊರಬರುವ ಆ ದಪ್ಪ ಕಪ್ಪೆಗೂ ಈ ಉಗುರಿನಗಲದ ಜೀವಕ್ಕೂ ಎಲ್ಲಿಯ ಸಂಬಂಧ! ಆದರೆ ಸೇಶೆಲ್ಸ್‌ನ ಗ್ರಾನೈಟ್ ಹಿಂದೊಮ್ಮೆ ನಮ್ಮ ಭೂಫಲಕದ ತುಂಡೇ ಆಗಿತ್ತು. 6 ಕೋಟಿ ವರ್ಷಕ್ಕೂ ಹಿಂದೆ, ದಖ್ಖನ್ನಿನ ಲಾವಾ ಹರಿದ ಕಾಲದ ಆಸುಪಾಸಿನಲ್ಲಿ, ಬೇರ್ಪಟ್ಟದ್ದು. ಇದನ್ನು ಓದಿ ತಿಳಿದಿದ್ದೆ. ಆ ಬಂಡೆಯ ಮೇಲೆ ಕೂತು ಕೇಳಿದಾಗ ನನಗೆ ಮಾತು ಹೊರಡಲಿಲ್ಲ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಕೊಡುವ ಲ್ಯಾಮಿನೇಟ್ ಮಾಡಿದ ಹಾಳೆಯಲ್ಲಿ ಚಿತ್ರ ಚೆನ್ನಾಗಿದೆ, ಆದರೆ ಒಂದು ಜಾತಿಯ ಸ್ಥಿತಿ ಹಳೆಯದನ್ನೇ ಉಳಿಸಿಕೊಂಡಿದ್ದಾರೆ. ಬಾಯಲ್ಲಿ ಸರಿಯಾಗಿ ಹೇಳಿದರು, ಹಾಳೆಯಲ್ಲಿ ತಿದ್ದಿಲ್ಲ. ಇಳಿಯುವಾಗ ಅವಸರ ಮಾಡಿದರು, ಮಧ್ಯಾಹ್ನಕ್ಕೆ ಇನ್ನೊಂದು ಬುಕಿಂಗ್ ಇತ್ತಂತೆ. ಒದ್ದೆ ಬೇರಿನ ಮೇಲೆ ಅವಸರ ಒಳ್ಳೆಯದಲ್ಲ. ವಾಪಸ್ ಕರೆದೊಯ್ಯುವ ಗಾಡಿ ತಡವಾಯಿತು, ಅದು ಬೇರೆಯವರ ಗಾಡಿ. ಇಷ್ಟೇ. ಐದರಲ್ಲಿ ನಾಲ್ಕು ಕೊಡುತ್ತೇನೆ, ಮೊಣಕಾಲು ಗಟ್ಟಿ ಇದ್ದವರು ಐದೇ ಎಂದುಕೊಳ್ಳಿ.

ಹೋಗುವವರಿಗೆ: ಡಿಸೆಂಬರಿನಿಂದ ಮಾರ್ಚ್ ಮಳೆ ಜಾಸ್ತಿ, ಕಪ್ಪೆ ಕೂಗೂ ಜಾಸ್ತಿ. ಜೂನ್-ಜುಲೈನಲ್ಲಿ ದಾರಿ ಒಣಗಿರುತ್ತದೆ, ಕಾಡೂ ಸುಮ್ಮನಿರುತ್ತದೆ. ಸೊಳ್ಳೆ ಔಷಧ ಹಚ್ಚಿದ ಕೈಯಿಂದ ಯಾವ ಎಲೆಯನ್ನೂ ಮುಟ್ಟಬೇಡಿ, ಕಪ್ಪೆಯ ಚರ್ಮಕ್ಕೆ ಅದು ವಿಷ. ಛತ್ರಿ ಬೇಡ, ರೇನ್‌ಕೋಟ್ ಇರಲಿ. ಥಾಮಸೆಟ್ ಕಪ್ಪೆ ರಾತ್ರಿ ಓಡಾಡುವಂಥದ್ದು, ಅದಕ್ಕಾಗಿ ಪ್ರತ್ಯೇಕ ರಾತ್ರಿ ನಡಿಗೆ ಇದೆಯೇ ಎಂದು ಕೇಳಿದೆ. ತಾನು ಮಾಡುವುದಿಲ್ಲ ಎಂದರು, ಕತ್ತಲಲ್ಲಿ ಕಾಲಡಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲವಂತೆ. ಬುಕ್ ಮಾಡುವಾಗ ನಿಮ್ಮ ವಯಸ್ಸು, ಮೊಣಕಾಲಿನ ಸ್ಥಿತಿ ಮೆಸೇಜಿನಲ್ಲೇ ಬರೆದು ಕೇಳಿ, ಬೂಟನ್ನು ಮನೆಯಲ್ಲೇ ಒಮ್ಮೆ ತೊಳೆದು ಒಣಗಿಸಿಕೊಂಡು ಹೋಗಿ.